ಊರಿನ ನಿಲ್ದಾಣದಲ್ಲಿ ಪ್ಯಾಸೆಂಜರ್ ರೈಲು ಉಳಿಯಬೇಕಾದರೆ: ಗ್ರಾಮಸ್ಥರಿಗೊಂದು ಕೈಪಿಡಿ

ರೈಲ್ವೆಯ ಲೆಕ್ಕಪತ್ರದಲ್ಲಿ ಹಳ್ಳಿಯ ನಿಲ್ದಾಣವೊಂದು ಮುಖ್ಯವಾಗಿ ಎರಡು ಸಂಖ್ಯೆಗಳಾಗಿ ಕಾಣಿಸಿಕೊಳ್ಳುತ್ತದೆ. ವರ್ಷಕ್ಕೆ ಅಲ್ಲಿಂದ ಟಿಕೆಟ್ ಪಡೆದು ಹೊರಟವರೆಷ್ಟು ಎಂಬುದು ಒಂದು, ಅವರಿಂದ ಬಂದ ಹಣವೆಷ್ಟು ಎಂಬುದು ಇನ್ನೊಂದು. ಬೆಳಗಿನ ಗಾಡಿಯಲ್ಲಿ ಪಟ್ಟಣದ ಆಸ್ಪತ್ರೆಗೆ ಹೋಗುವ ರೋಗಿ, ಕಾಲೇಜಿಗೆ ಹೋಗುವ ಹುಡುಗಿ, ಗಾರೆ ಕೆಲಸಕ್ಕೆ ಹೋಗುವ ಕೂಲಿಕಾರ, ಸೊಪ್ಪಿನ ಗಂಟು ಹೊತ್ತ ಹೆಂಗಸು ಇವರೆಲ್ಲರ ಬದುಕಿಗೆ ಆ ಗಾಡಿ ಎಷ್ಟು ಮುಖ್ಯವೆಂಬುದು ಆ ಸಂಖ್ಯೆಗಳ ಮೂಲಕವಲ್ಲದೆ ಬೇರೆ ದಾರಿಯಿಂದ ಅಧಿಕಾರಿಗಳ ಮೇಜನ್ನು ತಲುಪುವುದು ಬಹಳ ಅಪರೂಪ. ಆದ್ದರಿಂದ ತಮ್ಮೂರಿನಲ್ಲಿ ರೈಲು ನಿಲ್ಲಬೇಕು, ನಿಲ್ಲುತ್ತಿರುವುದು ಉಳಿಯಬೇಕು, ನಿಂತುಹೋದದ್ದು ಮತ್ತೆ ಬರಬೇಕು ಎಂದು ಬಯಸುವ ಗ್ರಾಮಸ್ಥರು ಮೊದಲು ಮಾಡಬೇಕಾದ ಕೆಲಸವೆಂದರೆ ತಮ್ಮ ಪ್ರಯಾಣವು ತಮ್ಮ ನಿಲ್ದಾಣದ ಹೆಸರಿನಲ್ಲಿಯೇ ದಾಖಲಾಗುವಂತೆ ನೋಡಿಕೊಳ್ಳುವುದು. ಮನವಿ, ನಿಯೋಗ, ಸಂಸದರ ಭೇಟಿ ಎಲ್ಲವೂ ಆ ನಂತರದವು.

ಈ ಮಾತಿಗೆ ಹಿನ್ನೆಲೆಯಿದೆ. 2020ರ ಮಾರ್ಚ್ 22ರ ಮಧ್ಯರಾತ್ರಿಯಿಂದ ಕೋವಿಡ್ ಕಾರಣಕ್ಕೆ ದೇಶದ ಎಲ್ಲ ಪ್ರಯಾಣಿಕ ರೈಲುಗಳು ನಿಂತವು. ದೂರದ ಎಕ್ಸ್‌ಪ್ರೆಸ್‌ಗಳು ಬೇಗ ಮರಳಿದವು; ಹಳ್ಳಿಗಳಲ್ಲಿ ನಿಲ್ಲುವ ಪ್ಯಾಸೆಂಜರ್‌ಗಳು ತಡವಾಗಿ, ಸೊನ್ನೆಯಿಂದ ಆರಂಭವಾಗುವ ಸಂಖ್ಯೆ ಹೊತ್ತು, ‘ವಿಶೇಷ’ ಗಾಡಿಗಳಾಗಿ ಬಂದವು. 10 ರೂಪಾಯಿಯ ಕನಿಷ್ಠ ದರವಿದ್ದ ಕಡೆ ಎಕ್ಸ್‌ಪ್ರೆಸ್ ದರದ 30 ರೂಪಾಯಿ ತೆರಬೇಕಾಯಿತು. ಅದೇ ಅವಧಿಯಲ್ಲಿ ವೇಳಾಪಟ್ಟಿಯನ್ನು ಬುಡದಿಂದ ಹೊಸದಾಗಿ ಹೆಣೆಯಲಾಯಿತು. ಕಡಿಮೆ ಜನ ಹತ್ತಿಳಿಯುವ ಹಲವು ನಿಲುಗಡೆಗಳು ಕೈಬಿಟ್ಟುಹೋದವು. ಸಾಮಾನ್ಯ ದರ ಮತ್ತೆ ಜಾರಿಗೆ ಬಂದದ್ದು 2024ರ ಫೆಬ್ರವರಿ ಕೊನೆಯ ಹೊತ್ತಿಗೆ, ಹಳೆಯ ಮಾದರಿಯ ಸಂಖ್ಯೆಗಳು ಮರಳಿದ್ದು 2025ರ ಜನವರಿಯಲ್ಲಿ. ದಿನಗೂಲಿಯವನಿಗೆ ಹೋಗಿಬರಲು 20 ರೂಪಾಯಿ ಸಾಕಾಗುತ್ತಿದ್ದ ದಾರಿಗೆ ವರ್ಷಗಟ್ಟಲೆ 60 ರೂಪಾಯಿ ಬೇಕಾದಾಗ ಅವನು ಬಸ್ಸಿಗೋ ಬೈಕಿಗೋ ಹೊರಳಿದರೆ ಅದರಲ್ಲಿ ಆಶ್ಚರ್ಯವಿಲ್ಲ. ಆದರೆ ಹಾಗೆ ಹೊರಳಿದವರ ಸಂಖ್ಯೆಯೇ ಈಗ ‘ಈ ನಿಲ್ದಾಣದಲ್ಲಿ ಬೇಡಿಕೆಯಿಲ್ಲ’ ಎಂಬುದಕ್ಕೆ ಆಧಾರವಾಗುತ್ತಿರುವುದು ನಿಜಕ್ಕೂ ಅನ್ಯಾಯ. ಮನವಿಯಲ್ಲಿ ಇದನ್ನು ಬರೆಯಲು ಹಿಂಜರಿಯಬಾರದು.

ನಿಮ್ಮ ನಿಲ್ದಾಣ ಯಾರದು, ಯಾವ ದರ್ಜೆಯದು

ಪತ್ರ ತಪ್ಪು ಕಚೇರಿಗೆ ಹೋದರೆ ತಿಂಗಳುಗಳು ವ್ಯರ್ಥವಾಗುತ್ತವೆ. ಕರ್ನಾಟಕದ ರೈಲು ಮಾರ್ಗಗಳೆಲ್ಲವೂ ಒಂದೇ ಆಡಳಿತಕ್ಕೆ ಸೇರಿಲ್ಲ. 2003ರ ಏಪ್ರಿಲ್ 1ರಿಂದ ಕೆಲಸ ಮಾಡುತ್ತಿರುವ, ಹುಬ್ಬಳ್ಳಿಯಲ್ಲಿ ಕೇಂದ್ರ ಕಚೇರಿಯಿರುವ ನೈಋತ್ಯ ರೈಲ್ವೆಗೆ ಹುಬ್ಬಳ್ಳಿ, ಬೆಂಗಳೂರು, ಮೈಸೂರು ಎಂಬ ಮೂರು ವಿಭಾಗಗಳಿವೆ. ರಾಜ್ಯದ ಹೆಚ್ಚಿನ ನಿಲ್ದಾಣಗಳು ಇವುಗಳಲ್ಲಿ ಒಂದಕ್ಕೆ ಸೇರಿವೆ. ಆದರೆ ಕಲಬುರಗಿ ಮಧ್ಯ ರೈಲ್ವೆಯ ಸೊಲ್ಲಾಪುರ ವಿಭಾಗದಲ್ಲಿದೆ, ಬೀದರ್ ಸಿಕಂದರಾಬಾದ್ ವಿಭಾಗದಲ್ಲಿದೆ, ಮಂಗಳೂರು ಸೆಂಟ್ರಲ್ ದಕ್ಷಿಣ ರೈಲ್ವೆಯ ಪಾಲಕ್ಕಾಡ್ ವಿಭಾಗದಲ್ಲಿದೆ. ಮೂಲ್ಕಿಯಿಂದ ಅಸ್ನೋಟಿಯವರೆಗಿನ ಕರಾವಳಿಯ ನಿಲ್ದಾಣಗಳದ್ದು ಕೊಂಕಣ ರೈಲ್ವೆ ನಿಗಮವೆಂಬ ಪ್ರತ್ಯೇಕ ಸಂಸ್ಥೆ. ಸೇನಾಪುರ, ಬಿಜೂರು, ಮಿರ್ಜಾನ್‌ನಂಥ ಸಣ್ಣ ನಿಲ್ದಾಣಗಳ ಜನ ಹುಬ್ಬಳ್ಳಿಗೆ ಬರೆದರೆ ಆ ಪತ್ರಕ್ಕೆ ಉತ್ತರ ಸಿಗುವ ಸಂಭವ ಕಡಿಮೆ.

ಮುಂದಿನದು ದರ್ಜೆ. 2017ರ ನಂತರ ನಿಲ್ದಾಣಗಳನ್ನು ಉಪನಗರೇತರ, ಉಪನಗರ, ಹಾಲ್ಟ್ ಎಂಬ ಮೂರು ಗುಂಪುಗಳಾಗಿ ವಿಂಗಡಿಸಿ, ಪ್ರಯಾಣಿಕರ ಸಂಖ್ಯೆ ಮತ್ತು ಗಳಿಕೆಯನ್ನು ನೋಡಿ ಒಳದರ್ಜೆ ಕೊಡಲಾಗುತ್ತಿದೆ. ಕುಡಿಯುವ ನೀರು, ನೆರಳು, ದೀಪ, ಆಸನ ಇವು ಎಷ್ಟಿರಬೇಕೆಂಬುದು ಈ ದರ್ಜೆಯ ಮೇಲೆ ನಿಲ್ಲುತ್ತದೆ. ಗ್ರಾಮಸ್ಥರು ಇದಕ್ಕಿಂತ ಮುಖ್ಯವಾಗಿ ತಿಳಿದಿರಬೇಕಾದದ್ದು ಹಾಲ್ಟ್‌ಗೂ ಕ್ರಾಸಿಂಗ್ ನಿಲ್ದಾಣಕ್ಕೂ ಇರುವ ವ್ಯತ್ಯಾಸ. ಹಾಲ್ಟ್‌ನಲ್ಲಿ ಸ್ಟೇಷನ್ ಮಾಸ್ಟರ್ ಇರುವುದಿಲ್ಲ, ಗಾಡಿಯನ್ನು ಪಕ್ಕಕ್ಕೆ ತೆಗೆದುಕೊಳ್ಳುವ ಇನ್ನೊಂದು ಹಳಿ ಇರುವುದಿಲ್ಲ. ಒಂದು ಪ್ಲಾಟ್‌ಫಾರ್ಮ್, ಒಂದು ಚಾವಣಿ, ಒಂದು ಟಿಕೆಟ್ ಕಿಟಕಿ ಇದ್ದರೆ ಅದೇ ಹೆಚ್ಚು. ಕ್ರಾಸಿಂಗ್ ನಿಲ್ದಾಣದಲ್ಲಿ ಎರಡು ಮೂರು ಹಳಿಗಳಿದ್ದು, ಎದುರು ಗಾಡಿ ಬರುವವರೆಗೆ ಒಂದು ಗಾಡಿ ಕಾಯುತ್ತದೆ. ನಿಮ್ಮದು ಯಾವ ಬಗೆಯದು ಎಂಬುದರ ಮೇಲೆ ನೀವು ಏನು ಕೇಳಬಹುದೆಂಬುದು ಬದಲಾಗುತ್ತದೆ. ಈ ವಿಷಯಕ್ಕೆ ಮುಂದೆ ಮತ್ತೆ ಬರುತ್ತೇನೆ.

ಟಿಕೆಟ್ ನಿಮ್ಮೂರಿನ ಹೆಸರಿನಲ್ಲಿರಲಿ

ಹಾಲ್ಟ್‌ಗಳಲ್ಲಿ ಟಿಕೆಟ್ ಮಾರುವವರು ಹೆಚ್ಚಾಗಿ ರೈಲ್ವೆ ನೌಕರರಲ್ಲ, ಕಮಿಷನ್ ಆಧಾರದ ಮೇಲೆ ಗುತ್ತಿಗೆ ಪಡೆದ ಏಜೆಂಟರು. ಅವರು ಹತ್ತಿರದ ದೊಡ್ಡ ನಿಲ್ದಾಣದಿಂದ ಮುಂಗಡ ಹಣ ಕಟ್ಟಿ ಟಿಕೆಟ್ ತಂದಿಟ್ಟುಕೊಂಡು ಗಾಡಿಯ ಹೊತ್ತಿಗೆ ಕಿಟಕಿ ತೆರೆಯುತ್ತಾರೆ. ಬರುವ ಕಮಿಷನ್ ಬಹಳ ಸಣ್ಣದು. ಏಜೆಂಟರು ಬಿಟ್ಟುಹೋದರೆ ಅಥವಾ ತಂದ ಟಿಕೆಟ್ ಮುಗಿದರೆ ಆ ದಿನ ಹತ್ತಿದವರೆಲ್ಲ ಲೆಕ್ಕಕ್ಕೆ ಬಾರದ ಪ್ರಯಾಣಿಕರಾಗುತ್ತಾರೆ. ಹಲವು ಊರುಗಳಲ್ಲಿ ಬೇಡಿಕೆ ಕುಸಿದಂತೆ ಕಾಣುವುದು ಜನ ಕಡಿಮೆಯಾದದ್ದರಿಂದಲ್ಲ, ಟಿಕೆಟ್ ಕೊಡುವವರು ಇಲ್ಲವಾದದ್ದರಿಂದ. ಆದ್ದರಿಂದ ಗ್ರಾಮ ಪಂಚಾಯಿತಿಯು ಮೊದಲು ವಿಚಾರಿಸಬೇಕಾದದ್ದು ಏಜೆಂಟರ ಗುತ್ತಿಗೆ ಯಾವಾಗ ಮುಗಿಯುತ್ತದೆ, ಹೊಸ ಅರ್ಜಿ ಯಾವಾಗ ಕರೆಯುತ್ತಾರೆ ಎಂಬುದನ್ನು. ವಿಭಾಗದ ವಾಣಿಜ್ಯ ಶಾಖೆ ಇದನ್ನು ನೋಡಿಕೊಳ್ಳುತ್ತದೆ. ಊರಿನಲ್ಲಿಯೇ ಇರುವ, ಬೇರೆ ಸಣ್ಣ ಅಂಗಡಿಯೋ ಕಸುಬೋ ಇಟ್ಟುಕೊಂಡಿರುವ ಓದುಬರಹ ಬಲ್ಲವರೊಬ್ಬರನ್ನು ಅರ್ಜಿ ಹಾಕಲು ಒಪ್ಪಿಸುವುದು, ಅವರು ಕಟ್ಟಬೇಕಾದ ಠೇವಣಿಗೆ ಸಹಕಾರ ಸಂಘದಿಂದಲೋ ಸ್ವಸಹಾಯ ಸಂಘದಿಂದಲೋ ಸಾಲ ಕೊಡಿಸುವುದು ಹತ್ತು ಮನವಿಗಳಿಗಿಂತ ಹೆಚ್ಚು ಫಲ ಕೊಡುವ ಕೆಲಸ.

ಇನ್ನೊಂದು ಸೋರಿಕೆ ನಮ್ಮ ಅಭ್ಯಾಸದಿಂದಲೇ ಆಗುತ್ತದೆ. ಪಟ್ಟಣದಲ್ಲಿ ಕೆಲಸ ಮಾಡುವವರು ಬೆಳಿಗ್ಗೆ ಊರಿನಲ್ಲಿ ಆತುರದಿಂದ ಹತ್ತಿ, ಸೀಸನ್ ಟಿಕೆಟನ್ನು ಮಾತ್ರ ಮುಂದಿನ ಜಂಕ್ಷನ್‌ನಿಂದ ಮಾಡಿಸಿಕೊಂಡಿರುತ್ತಾರೆ. ಅಥವಾ ಸಂಜೆ ಪಟ್ಟಣದಲ್ಲಿ ಹಿಂತಿರುಗುವ ಟಿಕೆಟನ್ನಷ್ಟೇ ಕೊಳ್ಳುತ್ತಾರೆ. ಇಂಥ ಪ್ರಯಾಣದ ಪುಣ್ಯವೆಲ್ಲ ಪಟ್ಟಣದ ನಿಲ್ದಾಣದ ಖಾತೆಗೆ ಹೋಗುತ್ತದೆ. ಮಾಸಿಕ ಸೀಸನ್ ಟಿಕೆಟ್ 150 ಕಿ.ಮೀ. ವರೆಗೆ ಸಿಗುತ್ತದೆ, 138 ಕಿ.ಮೀ. ಅಂತರದ ಮೈಸೂರು–ಬೆಂಗಳೂರು ದಾರಿಯ ಯಾವ ಹಳ್ಳಿಯವರಿಗೂ ಅದು ಸಾಕು. ವಿದ್ಯಾರ್ಥಿಗಳಿಗೆ, ಹೆಣ್ಣುಮಕ್ಕಳಿಗೆ ಪದವಿಯವರೆಗೆ ಮತ್ತು ಗಂಡುಮಕ್ಕಳಿಗೆ 12ನೇ ತರಗತಿಯವರೆಗೆ, ಮನೆಯಿಂದ ಶಾಲೆ ಕಾಲೇಜಿಗೆ ಹೋಗಿಬರಲು ಎರಡನೇ ದರ್ಜೆಯ ಸೀಸನ್ ಟಿಕೆಟ್ ಉಚಿತವಾಗಿ ಕೊಡುವ ವ್ಯವಸ್ಥೆಯಿದೆ. ಕಾಲೇಜಿನ ಪ್ರಾಂಶುಪಾಲರಿಂದ ಪ್ರಮಾಣಪತ್ರ ಪಡೆದು ನಿಲ್ದಾಣದಲ್ಲಿ ವಿಚಾರಿಸಬೇಕು. ಜೂನ್ ತಿಂಗಳಲ್ಲಿ ಊರಿನ ಮಕ್ಕಳೆಲ್ಲರ ಅರ್ಜಿಗಳನ್ನು ಒಟ್ಟಿಗೆ ಮಾಡಿಸಿ, ಹೊರಡುವ ನಿಲ್ದಾಣದ ಜಾಗದಲ್ಲಿ ತಮ್ಮೂರಿನ ಹೆಸರೇ ಇರುವಂತೆ ನೋಡಿಕೊಂಡರೆ ಮಕ್ಕಳ ಖರ್ಚು ಉಳಿಯುತ್ತದೆ, ಊರಿನ ಬೇಡಿಕೆಯೂ ದಾಖಲಾಗುತ್ತದೆ.

ಮೊಬೈಲಿನಲ್ಲಿ ಟಿಕೆಟ್ ಪಡೆಯುವವರು ಈಗ ಹೆಚ್ಚುತ್ತಿದ್ದಾರೆ. 2025ರ ಜುಲೈನಲ್ಲಿ ಬಂದ ರೈಲ್‌ಒನ್ ಆ್ಯಪ್‌ನಲ್ಲಿ ಕಾಯ್ದಿರಿಸದ ಟಿಕೆಟ್ ಮತ್ತು ಸೀಸನ್ ಟಿಕೆಟ್ ಸಿಗುತ್ತವೆ. ಕಿಟಕಿ ಮುಚ್ಚಿದ್ದರೆ ಇದು ಒಳ್ಳೆಯ ದಾರಿ. ಆದರೆ ಏಜೆಂಟರಿರುವ ಹಾಲ್ಟ್‌ನಲ್ಲಿ ಎಲ್ಲರೂ ಮೊಬೈಲಿಗೆ ಹೊರಳಿದರೆ ಆ ಏಜೆಂಟರ ಅಲ್ಪ ಆದಾಯವೂ ಹೋಗಿ, ಮೊಬೈಲ್ ಬಳಸಲಾಗದ ಅಜ್ಜ ಅಜ್ಜಿಯರಿಗೆ ಟಿಕೆಟ್ ಕೊಡುವವರೇ ಇಲ್ಲದಂತಾಗುತ್ತದೆ. ಕಿಟಕಿ ತೆರೆದಿರುವಾಗ ಕಿಟಕಿಯಲ್ಲಿಯೇ ಕೊಳ್ಳುವುದು ಮೇಲು.

2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಮಹಿಳೆಯರಿಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತವಾಗಿದೆ. ಇದು ಗ್ರಾಮೀಣ ಹೆಣ್ಣುಮಕ್ಕಳಿಗೆ ಸಿಕ್ಕ ದೊಡ್ಡ ಅನುಕೂಲ. ಅದನ್ನು ಬಿಟ್ಟು ರೈಲಿಗೆ ಬನ್ನಿ ಎಂದು ಯಾರೂ ಕೇಳಬಾರದು. ರೈಲಿಗಾಗಿ ಮನವಿ ಸಲ್ಲಿಸುವವರು ಮಾತ್ರ ಬಸ್ಸು ಎಲ್ಲಿ ನೆರವಿಗೆ ಬರುವುದಿಲ್ಲವೋ ಅಲ್ಲಿ ಒತ್ತು ಕೊಡಬೇಕು. ನಸುಕಿನ ಹೊತ್ತು, ರಾತ್ರಿ ಎಂಟರ ನಂತರ, ಭಾರದ ಸಾಮಾನಿನ ಪ್ರಯಾಣ, ಡಯಾಲಿಸಿಸ್‌ಗೋ ಕಿಮೋಥೆರಪಿಗೋ ವಾರ ವಾರ ಹೋಗಬೇಕಾದವರು ಕುಲುಕಾಟವಿಲ್ಲದೆ, ಶೌಚಾಲಯವಿರುವ ಬೋಗಿಯಲ್ಲಿ ಹೋಗಬೇಕಾದ ಪ್ರಯಾಣ ಇವು ರೈಲಿನ ಜಾಗಗಳು.

ನೀವೇ ಎಣಿಸುವುದು

ರೈಲ್ವೆಯ ಅಂಕಿಗಳ ಎದುರು ನಿಮ್ಮದೇ ಆದ ಎಣಿಕೆಯೊಂದು ಇರಬೇಕು. ಇದನ್ನು ಸತತವಾಗಿ ಎರಡು ವಾರ ಮಾಡುವುದು ಒಳ್ಳೆಯದು, ಏಕೆಂದರೆ ಆಗ ಎರಡು ಸಂತೆಯ ದಿನಗಳು, ಎರಡು ಸೋಮವಾರಗಳು, ಎರಡು ಭಾನುವಾರಗಳು ಒಳಗೊಳ್ಳುತ್ತವೆ. ಏಪ್ರಿಲ್ ಮೇ ತಿಂಗಳ ರಜೆ, ದಸರಾ ರಜೆ, ಊರಿನ ಜಾತ್ರೆ ಈ ದಿನಗಳನ್ನು ಬಿಡಬೇಕು. ನಂಜನಗೂಡಿಗೆ ಹುಣ್ಣಿಮೆಯ ದಿನ ಹೋಗುವ ಜನಸಂದಣಿಯನ್ನು ಸರಾಸರಿಯೊಳಗೆ ಸೇರಿಸಿದರೆ ಲೆಕ್ಕ ಉಬ್ಬಿದಂತಾಗಿ ಅಧಿಕಾರಿಗಳು ಉಳಿದ ಅಂಕಿಗಳನ್ನೂ ನಂಬದೆ ಹೋಗುತ್ತಾರೆ. ಅಂಥ ದಿನಗಳ ಎಣಿಕೆ ಬೇಕೇ ಬೇಕು, ಆದರೆ ಬೇರೆ ಹಾಳೆಯಲ್ಲಿರಲಿ.

ಎಣಿಸುವ ರೀತಿಯೂ ಮುಖ್ಯ. ಹಳ್ಳಿಯ ಪ್ಲಾಟ್‌ಫಾರ್ಮ್‌ನಲ್ಲಿ ಜನ ಒಂದೇ ಕಡೆ ಹತ್ತುವುದಿಲ್ಲ. ಊರಿನ ದಾರಿ ಬಂದು ಸೇರುವ ತುದಿಯಲ್ಲಿ ಹೆಚ್ಚು, ಇನ್ನೊಂದು ತುದಿಯಲ್ಲಿ ಪಕ್ಕದ ಹಳ್ಳಿಯ ಕೆಲವರು. ಗಾಡಿ ನಿಲ್ಲುವುದು ಒಂದು ನಿಮಿಷ. ಹಾಗಾಗಿ ಇಬ್ಬರು ಒಂದೊಂದು ತುದಿಯಲ್ಲಿ ನಿಂತು, ಒಬ್ಬರು ಹತ್ತಿದವರನ್ನೂ ಮತ್ತೊಬ್ಬರು ಇಳಿದವರನ್ನೂ ಎಣಿಸುವುದಕ್ಕಿಂತ, ಗಾಡಿಯನ್ನು ಅರ್ಧರ್ಧ ಹಂಚಿಕೊಂಡು ತಮ್ಮ ಪಾಲಿನ ಬೋಗಿಗಳಲ್ಲಿ ಹತ್ತಿಳಿದವರೆಲ್ಲರನ್ನೂ ಎಣಿಸುವುದು ಸುಲಭ. ಮೂರನೆಯವರೊಬ್ಬರು ಗಾಡಿ ಬರುವ ಮೊದಲೇ ಕಾಯುತ್ತಿರುವವರನ್ನು ಎಲ್ಲಿಗೆ, ಏತಕ್ಕೆ, ಟಿಕೆಟ್ ಎಲ್ಲಿ ಕೊಂಡಿರಿ ಎಂಬ ಮೂರು ಪ್ರಶ್ನೆ ಕೇಳಿ ಬರೆದುಕೊಳ್ಳಲಿ. ಹೆಸರು, ಫೋನ್ ನಂಬರ್ ಬೇಡ. ಹಾಳೆಯ ಮೇಲೆ ದಿನಾಂಕ, ಗಾಡಿಯ ಸಂಖ್ಯೆ, ಬರಬೇಕಿದ್ದ ಹೊತ್ತು, ಬಂದ ಹೊತ್ತು ಇರಲೇಬೇಕು. ಬಂದ ಹೊತ್ತನ್ನು ಬರೆದಿಡುವುದು ಬಹಳ ಉಪಯುಕ್ತ, ಏಕೆಂದರೆ ಅನೇಕ ಕಡೆ ಜನ ರೈಲು ಬಿಟ್ಟದ್ದು ರೈಲು ಇಲ್ಲದ್ದರಿಂದಲ್ಲ, ಒಂಬತ್ತಕ್ಕೆ ಪಟ್ಟಣ ತಲುಪಬೇಕಾದ ಗಾಡಿ ದಿನವೂ ಒಂಬತ್ತೂಮುಕ್ಕಾಲಿಗೆ ತಲುಪುವುದರಿಂದ. ಮೈಸೂರು–ಚಾಮರಾಜನಗರ, ಬೀರೂರು–ತಾಳಗುಪ್ಪದಂಥ ಒಂಟಿ ಹಳಿಯ ಮಾರ್ಗಗಳಲ್ಲಿ ಎದುರಿನಿಂದ ಬರುವ ವೇಗದ ಗಾಡಿಗೆ ದಾರಿ ಬಿಡಲು ಪ್ಯಾಸೆಂಜರ್ ಕಾಯಬೇಕಾಗುತ್ತದೆ. ಎರಡು ವಾರದ ಹಾಳೆಯಲ್ಲಿ ಆ ಕಾಯುವಿಕೆ ಸ್ಪಷ್ಟವಾಗಿ ಕಾಣುತ್ತದೆ.

ಈ ಜೊತೆಗೆ ಮಾಹಿತಿ ಹಕ್ಕು ಕಾಯ್ದೆ, 2005ರ ಅಡಿಯಲ್ಲಿ ರೈಲ್ವೆಯ ಅಂಕಿಗಳನ್ನು ಪಡೆಯಬೇಕು. ಕೇಂದ್ರ ಸರ್ಕಾರದ ಆನ್‌ಲೈನ್ ಪೋರ್ಟಲ್‌ನಲ್ಲಿ ಅಥವಾ ಅಂಚೆಯ ಮೂಲಕ, 10 ರೂಪಾಯಿ ಶುಲ್ಕ ಕಟ್ಟಿ, ಸಂಬಂಧಪಟ್ಟ ವಿಭಾಗದ ಮಾಹಿತಿ ಅಧಿಕಾರಿಗೆ ಅರ್ಜಿ ಹಾಕಬಹುದು. ಬಡತನ ರೇಖೆಗಿಂತ ಕೆಳಗಿನವರಿಗೆ ಶುಲ್ಕವಿಲ್ಲ. 30 ದಿನಗಳೊಳಗೆ ಉತ್ತರ ಬರಬೇಕು. ಬಾರದಿದ್ದರೆ ಅಥವಾ ಅಸಮರ್ಪಕವಾಗಿದ್ದರೆ 30 ದಿನಗಳೊಳಗೆ ಮೊದಲ ಮೇಲ್ಮನವಿ, ಆಮೇಲೆ ಕೇಂದ್ರ ಮಾಹಿತಿ ಆಯೋಗಕ್ಕೆ ಎರಡನೆಯದು. ‘ನಮ್ಮ ನಿಲ್ದಾಣದ ಬಗ್ಗೆ ಮಾಹಿತಿ ಕೊಡಿ’ ಎಂದು ಕೇಳಬೇಡಿ. 2018–19ರಿಂದ ಈವರೆಗೆ ತಿಂಗಳುವಾರು ಮಾರಾಟವಾದ ಟಿಕೆಟ್‌ಗಳ ಸಂಖ್ಯೆ ಮತ್ತು ಮೊತ್ತ, ಸೀಸನ್ ಟಿಕೆಟ್‌ಗಳ ಸಂಖ್ಯೆ, ನಿಮ್ಮ ನಿಲ್ದಾಣವನ್ನು ಹೊರಡುವ ಸ್ಥಳವಾಗಿ ತೋರಿಸಿ ಮೊಬೈಲಿನಲ್ಲಿ ಪಡೆದ ಟಿಕೆಟ್‌ಗಳ ಸಂಖ್ಯೆ, 2020ರ ಮಾರ್ಚ್‌ನಲ್ಲಿ ನಿಲ್ಲುತ್ತಿದ್ದ ಮತ್ತು ಈಗ ನಿಲ್ಲುವ ಗಾಡಿಗಳ ಪಟ್ಟಿ, ನಿಲುಗಡೆ ತೆಗೆದ ಆದೇಶದ ಪ್ರತಿ, ಟಿಕೆಟ್ ಏಜೆಂಟರಿಲ್ಲದ ಅವಧಿ ಎಂದು ಒಂದೊಂದಾಗಿ ಕೇಳಿ. ಕೋವಿಡ್ ಪೂರ್ವದ ವರ್ಷವನ್ನು ಸೇರಿಸಿ ಕೇಳುವುದರಲ್ಲಿಯೇ ಇದರ ಬಲವಿದೆ. ಗಾಡಿಗಳು ಸರಿಯಾಗಿದ್ದಾಗ ಜನ ಎಷ್ಟಿದ್ದರು, ಗಾಡಿಗಳನ್ನು ತೆಗೆದ ಮೇಲೆ ಎಷ್ಟಾದರು ಎಂಬುದು ರೈಲ್ವೆಯ ಕಾಗದದಿಂದಲೇ ತಿಳಿಯುತ್ತದೆ.

ಏನನ್ನು ಕೇಳಬೇಕು

‘ನಮ್ಮೂರಿನಲ್ಲಿ ಎಲ್ಲ ರೈಲುಗಳೂ ನಿಲ್ಲಬೇಕು’ ಎಂಬ ಬೇಡಿಕೆಯನ್ನು ಯಾವ ಅಧಿಕಾರಿಯೂ ಈಡೇರಿಸಲಾರ. ಒಂದು ಬೆಳಗಿನ ಗಾಡಿ, ಒಂದು ಸಂಜೆಯ ಗಾಡಿ, ಅವೆರಡೂ ದುಡಿಯುವವರ ಹೊತ್ತಿಗೆ ಹೊಂದುವಂತಿದ್ದರೆ ಒಂದು ಹಳ್ಳಿಯ ಮುಕ್ಕಾಲು ಅಗತ್ಯ ಪೂರೈಸುತ್ತದೆ ಎಂಬುದು ನನ್ನ ಅಭಿಪ್ರಾಯ. ಮಧ್ಯಾಹ್ನ ಹನ್ನೆರಡಕ್ಕೆ ನಿಲ್ಲುವ ಗಾಡಿ ಹೆಚ್ಚಿನವರಿಗೆ ಕೆಲಸಕ್ಕೆ ಬಾರದು. ಕೆಜಿಎಫ್ ಭಾಗವನ್ನೇ ನೋಡಬಹುದು. 2001ರ ಫೆಬ್ರವರಿ 28ರಂದು ಚಿನ್ನದ ಗಣಿ ಮುಚ್ಚಿದ ಮೇಲೆ ಸ್ಥಳೀಯವಾಗಿ ದುಡಿಮೆ ಇಲ್ಲದಾಯಿತು. ಮಾರಿಕುಪ್ಪಂ, ಚಾಂಪಿಯನ್, ಕೋರಮಂಡಲ್, ಊರ್ಗಾಂ ನಿಲ್ದಾಣಗಳಿಂದ ನಸುಕಿನಲ್ಲಿ ಹೊರಟು ಬಂಗಾರಪೇಟೆ, ಟೇಕಲ್, ಮಾಲೂರುಗಳ ಜನರನ್ನೂ ತುಂಬಿಕೊಂಡು ಬೆಂಗಳೂರಿಗೆ ಹೋಗುವ ಗಾಡಿಗಳು ಇಲ್ಲದಿದ್ದರೆ ಆ ಕುಟುಂಬಗಳು ಊರು ಬಿಡಬೇಕಾಗುತ್ತಿತ್ತು, ಇಲ್ಲವೆ ನಗರದ ಬಾಡಿಗೆ ತೆರಬೇಕಾಗುತ್ತಿತ್ತು. ಅಲ್ಲಿ ಜನರನ್ನು ಊರಿನಲ್ಲಿ ಉಳಿಸಿದ್ದು ಗಾಡಿಯ ಹೊತ್ತು. ಹಳ್ಳಿಗಳ ಮನವಿಯೂ ಹೊತ್ತಿನ ಸುತ್ತ ಇರಬೇಕು.

ಕೇಳುವಾಗ ಪ್ಯಾಸೆಂಜರ್, ಮೆಮು, ಡೆಮು (ಪ್ರತ್ಯೇಕ ಇಂಜಿನ್ ಇಲ್ಲದೆ ವಿದ್ಯುತ್ತಿನಿಂದ ಓಡುವುದು ಮೆಮು, ಡೀಸೆಲ್‌ನಿಂದ ಓಡುವುದು ಡೆಮು) ಗಾಡಿಗಳನ್ನು ಮೊದಲು ಕೇಳಿ, ಎಕ್ಸ್‌ಪ್ರೆಸ್‌ಗಳನ್ನು ಆಮೇಲೆ. ಸಂಖ್ಯೆ ಐದು, ಆರು, ಏಳರಿಂದ ಆರಂಭವಾದರೆ ಅದು ಸಾಮಾನ್ಯ ದರದ ಗಾಡಿ ಎಂದು ತಿಳಿಯಬಹುದು. ಎಕ್ಸ್‌ಪ್ರೆಸ್ ನಿಲ್ಲಿಸಲು ರೈಲ್ವೆ ಮಂಡಳಿಯ ಒಪ್ಪಿಗೆ ಬೇಕು, ಸಿಕ್ಕರೂ ಹಳ್ಳಿಯವರು 10 ರೂಪಾಯಿಯ ಬದಲು 30 ರೂಪಾಯಿ ಕೊಡಬೇಕು. ಒಂದೆರಡು ನಿಮಿಷದ ನಿಲುಗಡೆಯಾದರೂ ವೇಗ ತಗ್ಗಿಸಿ ಮತ್ತೆ ಏರಿಸುವ ಹೊತ್ತು ಸೇರಿ ನಾಲ್ಕೈದು ನಿಮಿಷ ಕಳೆಯುತ್ತದೆ, ಉದ್ದದ ಎಕ್ಸ್‌ಪ್ರೆಸ್‌ಗೆ ಇನ್ನೂ ಹೆಚ್ಚು. ವಿದ್ಯುತ್ತಿನಿಂದ ಓಡುವ ಮೆಮು ಬೇಗ ವೇಗ ಪಡೆಯುವುದರಿಂದ ನಿಲುಗಡೆಗಳ ನಷ್ಟ ಅದರಲ್ಲಿ ಕಡಿಮೆ. ನಿಮ್ಮ ಮಾರ್ಗದಲ್ಲಿ ಇನ್ನೂ ಇಂಜಿನ್ ಎಳೆಯುವ ಹಳೆಯ ಬೋಗಿಗಳ ಪ್ಯಾಸೆಂಜರ್ ಇದ್ದರೆ, ಅದರ ಬದಲಿಗೆ ಮೆಮು ಕೊಟ್ಟು ಉಳಿಯುವ ಸಮಯದಲ್ಲಿ ನಿಮ್ಮ ನಿಲುಗಡೆಯನ್ನು ಸೇರಿಸಿ ಎಂದು ಕೇಳುವುದು ತರ್ಕಬದ್ಧ ಬೇಡಿಕೆ. ಇನ್ನೊಂದು ದಾರಿ ಈಗಿರುವ ಗಾಡಿಯ ವಿಸ್ತರಣೆ. ಮಂಗಳೂರು–ಪುತ್ತೂರು ಪ್ಯಾಸೆಂಜರ್ 2025ರ ಏಪ್ರಿಲ್‌ನಲ್ಲಿ ಸುಬ್ರಹ್ಮಣ್ಯ ರಸ್ತೆಯವರೆಗೆ ವಿಸ್ತರಣೆಯಾಯಿತು. ಪಟ್ಟಣದಲ್ಲಿ ಗಂಟೆಗಟ್ಟಲೆ ಸುಮ್ಮನೆ ನಿಂತಿರುವ ಗಾಡಿಯನ್ನು ಮುಂದಕ್ಕೆ ಓಡಿಸುವುದು ಹೊಸ ಗಾಡಿ ಕೊಡುವುದಕ್ಕಿಂತ ರೈಲ್ವೆಗೆ ಯಾವಾಗಲೂ ಸುಲಭ.

ನಿಮ್ಮದು ಕ್ರಾಸಿಂಗ್ ನಿಲ್ದಾಣವಾಗಿದ್ದರೆ ನಿಮ್ಮ ಬಳಿ ಇನ್ನೊಂದು ಗಟ್ಟಿ ವಾದವಿದೆ. ಅಲ್ಲಿ ಎಕ್ಸ್‌ಪ್ರೆಸ್ ಗಾಡಿಗಳು ಎದುರು ಗಾಡಿಗಾಗಿ ನಿಲ್ಲುತ್ತವೆ, ಆದರೆ ವೇಳಾಪಟ್ಟಿಯಲ್ಲಿ ಆ ನಿಲುಗಡೆ ಇರುವುದಿಲ್ಲ, ಟಿಕೆಟೂ ಸಿಗುವುದಿಲ್ಲ. ಯಾವ ಗಾಡಿ ವಾರದಲ್ಲಿ ಎಷ್ಟು ದಿನ, ಎಷ್ಟು ನಿಮಿಷ ಹೀಗೆ ನಿಲ್ಲುತ್ತದೆ ಎಂದು ಬರೆದಿಡಿ. ಹೆಚ್ಚು ಕಡಿಮೆ ದಿನವೂ ನಿಲ್ಲುವ ಗಾಡಿಯಾದರೆ, ಅದನ್ನು ಪ್ರಯಾಣಿಕರ ನಿಲುಗಡೆಯಾಗಿ ಘೋಷಿಸಲು ಹೆಚ್ಚಿನ ಸಮಯ ಬೇಕಿಲ್ಲವೆಂದು ತೋರಿಸಬಹುದು. ಆದರೆ ಘೋಷಣೆಯಾಗುವ ಮೊದಲು ಹಾಗೆ ನಿಂತ ಗಾಡಿಯನ್ನು ಹಳಿ ದಾಟಿ ಹೋಗಿ ಹತ್ತುವುದು ಜೀವಕ್ಕೆ ಅಪಾಯ. ಮಕ್ಕಳಿಗೆ ಇದನ್ನು ಮನೆಯಲ್ಲಿಯೇ ಖಂಡಿತವಾಗಿ ಹೇಳಬೇಕು.

ಮನವಿ ಬರೆಯುವುದು, ತಲುಪಿಸುವುದು

ಗ್ರಾಮಸಭೆಯಲ್ಲಿ ಠರಾವು ಮಾಡಿ, ಅದರ ಪ್ರತಿಯನ್ನು ಲಗತ್ತಿಸಿ ಬರೆಯುವ ಮನವಿಗೆ ಬಿಡಿ ಪತ್ರಕ್ಕಿಲ್ಲದ ತೂಕವಿದೆ. ನಿಲ್ದಾಣ ಬಳಸುವ ಪಕ್ಕದ ಎರಡು ಮೂರು ಪಂಚಾಯಿತಿಗಳು ಒಂದೇ ಠರಾವು ಮಾಡಿದರೆ ಇನ್ನೂ ಒಳ್ಳೆಯದು. ಮನವಿ ಎರಡು ಪುಟ ದಾಟಬಾರದು. ಮೊದಲ ವಾಕ್ಯದಲ್ಲಿಯೇ ಬೇಡಿಕೆ ಇರಲಿ, ಉದಾಹರಣೆಗೆ: ‘... ಸಂಖ್ಯೆಯ ಪ್ಯಾಸೆಂಜರ್ ಗಾಡಿಯು 2020ರ ಮಾರ್ಚ್‌ವರೆಗೆ ನಮ್ಮ ನಿಲ್ದಾಣದಲ್ಲಿ ಬೆಳಿಗ್ಗೆ ... ಗಂಟೆಗೆ ನಿಲ್ಲುತ್ತಿದ್ದು, ಈಗ ಆ ನಿಲುಗಡೆ ಇರುವುದಿಲ್ಲ. ಸದರಿ ನಿಲುಗಡೆಯನ್ನು ಆರು ತಿಂಗಳ ಅವಧಿಗೆ ಪ್ರಾಯೋಗಿಕವಾಗಿ ಪುನಃ ನೀಡಬೇಕೆಂದು ... ಗ್ರಾಮ ಪಂಚಾಯಿತಿಗಳ ಗ್ರಾಮಸಭೆಗಳು ನಿರ್ಣಯಿಸಿ ತಮ್ಮಲ್ಲಿ ಕೋರುತ್ತವೆ.’ ಅದರ ಕೆಳಗೆ ರೈಲ್ವೆಯ ಅಂಕಿ, ನಿಮ್ಮ ಎಣಿಕೆ, ಹಿಂದಿನ ಮತ್ತು ಮುಂದಿನ ನಿಲ್ದಾಣಕ್ಕಿರುವ ದೂರ, ನಿಲ್ದಾಣ ಬಳಸುವ ಹಳ್ಳಿಗಳ ಹೆಸರು, ಅಲ್ಲಿಂದ ಪಟ್ಟಣಕ್ಕೆ ಹೋಗುವ ಮೊದಲ ಮತ್ತು ಕೊನೆಯ ಬಸ್ಸಿನ ಹೊತ್ತು ಇಷ್ಟಿದ್ದರೆ ಸಾಕು. ಊರಿನ ಇತಿಹಾಸ, ದೇವಸ್ಥಾನದ ಮಹಿಮೆ ಬೇಕೆನಿಸಿದರೆ ಕೊನೆಯಲ್ಲಿ ಒಂದು ವಾಕ್ಯ.

ಮನವಿಯನ್ನು ವಿಭಾಗೀಯ ವ್ಯವಸ್ಥಾಪಕರ, ಅಂದರೆ ಡಿಆರ್‌ಎಂ ಅವರ ಹೆಸರಿಗೆ ಬರೆದು, ವಾಣಿಜ್ಯ ಮತ್ತು ಕಾರ್ಯಾಚರಣೆ ಎರಡೂ ಶಾಖೆಗಳ ಹಿರಿಯ ಅಧಿಕಾರಿಗಳಿಗೆ ಪ್ರತಿ ಕಳುಹಿಸಬೇಕು. ಜನ ಇದ್ದಾರೆಯೇ ಎಂದು ನೋಡುವವರು ಒಬ್ಬರು, ಗಾಡಿ ನಿಲ್ಲಿಸಲು ಸಾಧ್ಯವೇ ಎಂದು ನೋಡುವವರು ಇನ್ನೊಬ್ಬರು. ಖುದ್ದಾಗಿ ಕೊಟ್ಟು ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ. ಪ್ರತಿ ವಿಭಾಗದಲ್ಲಿಯೂ ವಲಯದಲ್ಲಿಯೂ ರೈಲು ಬಳಕೆದಾರರ ಸಲಹಾ ಸಮಿತಿಗಳಿವೆ, ಅವುಗಳ ಸದಸ್ಯತ್ವದ ಅವಧಿ ಎರಡು ವರ್ಷ. ನಿಮ್ಮ ಜಿಲ್ಲೆಯಿಂದ ಸದಸ್ಯರಾಗಿರುವವರು ಯಾರೆಂದು ತಿಳಿದುಕೊಂಡು, ಸಭೆಯ ಮೊದಲೇ ಅವರ ಕೈಗೆ ಮನವಿಯ ಪ್ರತಿ ಕೊಟ್ಟರೆ ಅದು ಸಭೆಯ ವಿಷಯಪಟ್ಟಿಗೆ ಸೇರಿ, ಲಿಖಿತ ಉತ್ತರ ಪಡೆಯುತ್ತದೆ. ಸಂಸದರ ಪತ್ರಕ್ಕೆ ರೈಲ್ವೆಯಲ್ಲಿ ವಿಶೇಷ ಗಮನ ಸಿಗುವುದು ನಿಜ; ಅವರ ಕೈಗೆ ಬರಿಯ ಬೇಡಿಕೆ ಕೊಡದೆ ಅಂಕಿಸಹಿತ ಟಿಪ್ಪಣಿ ಕೊಟ್ಟರೆ ಅದೇ ಟಿಪ್ಪಣಿ ಅವರ ಪತ್ರದೊಂದಿಗೆ ಮುಂದೆ ಹೋಗುತ್ತದೆ. ಪ್ರತ್ಯೇಕ ರೈಲ್ವೆ ಬಜೆಟ್ 2017ರಿಂದ ಇಲ್ಲ. ನಿಲುಗಡೆಯ ತೀರ್ಮಾನಗಳು ವರ್ಷವಿಡೀ ಆಗುತ್ತಿರುತ್ತವೆ. ಫೆಬ್ರವರಿಗಾಗಿ ಕಾಯುವ ಹಳೆಯ ಅಭ್ಯಾಸ ಬಿಡಬೇಕು. ಗಾಡಿಯ ಹೊತ್ತು ಬದಲಾಗಬೇಕೆಂಬ ಬೇಡಿಕೆ ಮಾತ್ರ ಹೊಸ ವೇಳಾಪಟ್ಟಿ ಬರುವ ಹಲವು ತಿಂಗಳು ಮೊದಲೇ ತಲುಪಬೇಕು.

ರೈಲು ತಡೆಯ ಚಳವಳಿಯ ಬಗ್ಗೆ ಒಂದು ಮಾತು. ರೈಲ್ವೆ ಕಾಯ್ದೆ, 1989ರ 174ನೇ ಕಲಮಿನಂತೆ ರೈಲು ಸಂಚಾರಕ್ಕೆ ಅಡ್ಡಿಪಡಿಸುವುದಕ್ಕೆ ಎರಡು ವರ್ಷದವರೆಗೆ ಸೆರೆವಾಸ ಅಥವಾ ದಂಡ ಅಥವಾ ಎರಡೂ ಇರಬಹುದು. ಹಳಿಯ ಮೇಲೆ ಕೂರುವವರು ಸಾಮಾನ್ಯವಾಗಿ ಊರಿನ ಹುಡುಗರು. ಸರ್ಕಾರಿ ಕೆಲಸಕ್ಕೆ ಅರ್ಜಿ ಹಾಕುವಾಗ ಆ ಮೊಕದ್ದಮೆ ಅವರ ಹಿಂದೆಯೇ ಬರುತ್ತದೆ. ನಿಲ್ದಾಣದ ಹೊರಗೆ ಅನುಮತಿ ಪಡೆದು ನಡೆಸುವ ಧರಣಿಯೇ ಸಾಕು.

ನಿರಾಕರಣೆ ಬಂದಾಗ

ಮೊದಲ ಉತ್ತರ ಹೆಚ್ಚಾಗಿ ನಿರಾಕರಣೆಯೇ ಆಗಿರುತ್ತದೆ. ಅದು ಎರಡು ಬಗೆಯದು. ‘ವಾಣಿಜ್ಯ ದೃಷ್ಟಿಯಿಂದ ಸಮರ್ಥನೀಯವಲ್ಲ’ ಎಂದರೆ ಟಿಕೆಟ್ ಸಾಲದು ಎಂದರ್ಥ. ಯಾವ ಅವಧಿಯ ಅಂಕಿಗಳನ್ನು ನೋಡಿದಿರಿ, ಆಗ ಕಿಟಕಿ ತೆರೆದಿತ್ತೇ, ದಿನಕ್ಕೆ ಎಷ್ಟು ಗಾಡಿ ನಿಲ್ಲುತ್ತಿದ್ದವು ಎಂದು ಮರಳಿ ಕೇಳಿ. ಪ್ಯಾಸೆಂಜರ್ ಗಾಡಿಗಳು ನಷ್ಟದಲ್ಲಿ ಓಡುತ್ತವೆ, ಸರಕು ಸಾಗಣೆಯ ಲಾಭದಿಂದ ಆ ನಷ್ಟ ತುಂಬುತ್ತದೆ ಎಂಬುದು ರೈಲ್ವೆಯೇ ಒಪ್ಪಿಕೊಂಡು ಬಂದಿರುವ ಸಾಮಾಜಿಕ ಹೊಣೆ. ಆ ಹೊಣೆ ನಗರದ ಪ್ರಯಾಣಿಕರಿಗೆ ಸಲ್ಲುವಷ್ಟೇ ಹಳ್ಳಿಯವರಿಗೂ ಸಲ್ಲಬೇಕು. ತಮ್ಮ ಊರಿನ ಪಕ್ಕದಲ್ಲಿಯೇ ಹಳಿ ಹಾದುಹೋಗಿದ್ದು, ಗೇಟಿನಲ್ಲಿ ಕಾಯುವ ಕಷ್ಟವನ್ನು ದಿನವೂ ಅನುಭವಿಸುವ ಜನ ಒಂದು ಗಾಡಿಯ ಒಂದು ನಿಮಿಷವನ್ನು ಕೇಳುವುದು ದೊಡ್ಡ ಬೇಡಿಕೆಯಲ್ಲ.

‘ಕಾರ್ಯಾಚರಣೆಯ ದೃಷ್ಟಿಯಿಂದ ಸಾಧ್ಯವಿಲ್ಲ’ ಎಂಬುದು ಎರಡನೆಯದು. ಇದಕ್ಕೆ ಕಾರಣ ನಿಜವೂ ಇರಬಹುದು. ಪ್ಲಾಟ್‌ಫಾರ್ಮ್ ಉದ್ದ ಸಾಲದಿರಬಹುದು, ಏರಿನಲ್ಲಿ ನಿಲ್ಲಿಸಿದರೆ ಗಾಡಿ ಎಳೆಯುವುದು ಕಷ್ಟವಿರಬಹುದು, ಹಿಂದೆ ಬೇಗನೆ ಇನ್ನೊಂದು ಗಾಡಿ ಬರುತ್ತಿರಬಹುದು. ನಿರ್ದಿಷ್ಟ ಕಾರಣವನ್ನು ಬರಹದಲ್ಲಿ ಕೇಳಿ. ಎಷ್ಟೋ ಗಾಡಿಗಳ ವೇಳಾಪಟ್ಟಿಯಲ್ಲಿ ಕೊನೆಯ ನಿಲ್ದಾಣದ ಮೊದಲು ತಡ ಸರಿದೂಗಿಸಲೆಂದು ಹೆಚ್ಚುವರಿ ನಿಮಿಷಗಳಿರುತ್ತವೆ. ಕೊನೆಯ ಎರಡು ನಿಲ್ದಾಣಗಳ ನಡುವಿನ ಹತ್ತು ಕಿ.ಮೀ. ಗೆ ಮೂವತ್ತು ನಿಮಿಷ ತೋರಿಸಿರುವುದನ್ನು ಯಾರಾದರೂ ಗಮನಿಸಬಹುದು. ಆ ಗಾಡಿ ಸರಾಸರಿ ಎಷ್ಟು ನಿಮಿಷ ಮುಂಚೆ ತಲುಪುತ್ತದೆ ಎಂದು ತೋರಿಸಿದರೆ ನಿಮ್ಮ ನಾಲ್ಕು ನಿಮಿಷಕ್ಕೆ ಜಾಗವಿದೆಯೆಂದು ಹೇಳಬಹುದು.

ಪಂಚಾಯಿತಿ ತನ್ನ ಪಾಲಿನದನ್ನು ಮಾಡಿ ತೋರಿಸಿದರೆ ಮಾತಿಗೆ ಬೆಲೆ ಹೆಚ್ಚುತ್ತದೆ. ಊರಿನಿಂದ ನಿಲ್ದಾಣಕ್ಕೆ ಹೋಗುವ ಮಣ್ಣಿನ ದಾರಿಗೆ ಗಟ್ಟಿ ಮೇಲ್ಮೈ, ಆ ದಾರಿಗೆ ದೀಪ, ಸೈಕಲ್ ಬೈಕ್ ನಿಲ್ಲಿಸಲು ನೆರಳು ಇವು ರೈಲ್ವೆಯ ಕೆಲಸವಲ್ಲ. ರಾತ್ರಿ ಎಂಟಕ್ಕೆ ಇಳಿದ ಹೆಣ್ಣುಮಗಳು ಕತ್ತಲಲ್ಲಿ ಒಂದು ಕಿ.ಮೀ. ನಡೆಯಬೇಕಾದರೆ ಮರುದಿನದಿಂದ ಆಕೆ ಆ ಗಾಡಿಗೆ ಬರುವುದಿಲ್ಲ, ಮನೆಯವರೂ ಕಳುಹಿಸುವುದಿಲ್ಲ. ಪ್ಲಾಟ್‌ಫಾರ್ಮ್ ಎತ್ತರಿಸುವುದು ಮಾತ್ರ ರೈಲ್ವೆಯದೇ ಕೆಲಸ. ಎತ್ತರದ ಪ್ಲಾಟ್‌ಫಾರ್ಮ್ ಹಳಿಯಿಂದ 760 ರಿಂದ 840 ಮಿ.ಮೀ. ಇರುತ್ತದೆ, ತಗ್ಗಿನದು 455 ಮಿ.ಮೀ.; ಎಷ್ಟೋ ಹಾಲ್ಟ್‌ಗಳಲ್ಲಿ ನೆಲ ಹಳಿಯ ಮಟ್ಟದಲ್ಲಿಯೇ ಇದ್ದು, ಬೋಗಿಯ ಮೊದಲ ಮೆಟ್ಟಿಲೇ ಮುದುಕರಿಗೆ ಎಟುಕದಷ್ಟು ಮೇಲಿರುತ್ತದೆ. ಹಿಡಿಗಂಬಿ ಹಿಡಿದು, ಕೆಳಗಿನಿಂದ ಒಬ್ಬರು ನೂಕಿ, ಮೇಲಿನಿಂದ ಒಬ್ಬರು ಎಳೆದು ಅವರನ್ನು ಹತ್ತಿಸುವಷ್ಟರಲ್ಲಿ ಗಾರ್ಡ್ ಸೀಟಿ ಊದಿರುತ್ತಾರೆ. ಇದರ ಒಂದು ಫೋಟೊ ಮನವಿಯೊಂದಿಗೆ ಇರಲಿ.

ನಿಲುಗಡೆ ಸಿಕ್ಕ ಮೇಲಿನ ಆರು ತಿಂಗಳು

ಹೊಸ ನಿಲುಗಡೆ ಸಾಮಾನ್ಯವಾಗಿ ಆರು ತಿಂಗಳ ಪ್ರಾಯೋಗಿಕ ಅವಧಿಗೆ ಸಿಗುತ್ತದೆ. ಟಿಕೆಟ್ ಮಾರಾಟ ನೋಡಿ ಮುಂದುವರಿಸುವ ಅಥವಾ ರದ್ದುಮಾಡುವ ತೀರ್ಮಾನವಾಗುತ್ತದೆ. ಮೊದಲ ದಿನ ಗಾಡಿಗೆ ಹಾರ ಹಾಕಿ, ಚಾಲಕರಿಗೆ ಸಿಹಿ ಹಂಚಿ ಸಂಭ್ರಮಿಸುವ ಊರು ಎರಡನೆಯ ವಾರದಿಂದ ಮರೆತರೆ ಆ ನಿಲುಗಡೆ ಉಳಿಯುವುದಿಲ್ಲ. ನಿಲುಗಡೆಯ ಹೊತ್ತನ್ನು ಹಾಲಿನ ಡೇರಿ, ನ್ಯಾಯಬೆಲೆ ಅಂಗಡಿ, ಶಾಲೆ, ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ಅಂಟಿಸಿ, ಪಕ್ಕದ ಹಳ್ಳಿಗಳಿಗೂ ತಿಳಿಸಬೇಕು. ಆ ಹೊತ್ತಿಗೆ ಹೊಂದುವಂತೆ ಒಂದು ಬಸ್ಸಿನ ಸಮಯ ಬದಲಿಸಲು ಸಾರಿಗೆ ಡಿಪೊ ವ್ಯವಸ್ಥಾಪಕರಿಗೆ ಪಂಚಾಯಿತಿಯಿಂದ ಬರೆಯಬೇಕು. ಬಸ್ಸು ಸಾಧ್ಯವಾಗದಿದ್ದರೆ ಊರಿನ ಆಟೊದವರೊಂದಿಗೆ ಮಾತಾಡಬೇಕು. ತಿಂಗಳಿಗೊಮ್ಮೆ ಮೂರು ದಿನ ಮೊದಲಿನಂತೆಯೇ ಎಣಿಸಿ ಹಾಳೆಗಳನ್ನು ಜೋಪಾನವಾಗಿಡಿ. ನಾಲ್ಕನೆಯ ತಿಂಗಳು ಮುಗಿದಾಗ ಮತ್ತೊಂದು ಮಾಹಿತಿ ಹಕ್ಕಿನ ಅರ್ಜಿ ಹಾಕಿದರೆ ಐದನೆಯ ತಿಂಗಳಿನ ಕೊನೆಗೆ ರೈಲ್ವೆಯ ಅಂಕಿಗಳು ಕೈಸೇರುತ್ತವೆ. ಅವೆರಡನ್ನೂ ಲಗತ್ತಿಸಿ, ನಿಲುಗಡೆಯನ್ನು ಮುಂದುವರಿಸಬೇಕೆಂಬ ಮನವಿಯನ್ನು ಅವಧಿ ಮುಗಿಯುವ ಮೊದಲೇ ಡಿಆರ್‌ಎಂ ಕಚೇರಿಗೆ ಕೊಟ್ಟು ಸ್ವೀಕೃತಿ ಪಡೆದಿರಬೇಕು.